ಎದುರಿಗೇ ದವಾಖಾನೆ, ಸೂಜಿ ಮಾತ್ರ ಮುರ್ಬಾಡಿನಾಚೆ

ಲಸಿಕೆ ನೋಂದಣಿಯ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ನಿಮ್ಮ ಆರೋಗ್ಯ ಕೇಂದ್ರದ ಗೇಟು ಕಾಣುತ್ತದೆ. ಕುಕ್ಕರ್ ಮೂರು ಸೀಟಿ ಹಾಕುವಷ್ಟರಲ್ಲಿ ಅಲ್ಲಿಗೆ ಹೋಗಿ ಬಂದುಬಿಡಬಹುದು. ಆದರೆ ಕೊರೋನಾ ಲಸಿಕೆಯ ಮೊದಲ ಡೋಸು ಪಡೆಯಲು ನಾನು ಕಲ್ಯಾಣ ದಾಟಿ, ಮುರ್ಬಾಡ್ ದಾಟಿ, ನಲವತ್ತೈದು ಕಿಲೋಮೀಟರ್ ದೂರದ ಹಳ್ಳಿಯೊಂದಕ್ಕೆ ಹೋಗಬೇಕಾಯಿತು. ಇಪ್ಪತ್ತು ವರ್ಷ ಡೊಂಬಿವಲಿಯಲ್ಲಿದ್ದೂ ಆ ಕಡೆಯ ಗುಡ್ಡಗಳನ್ನು ನೋಡಿದವಳಲ್ಲ. ಆ ಭಾಗ್ಯ ಒದಗಿಸಿದ್ದಕ್ಕೆ ಮೊದಲು ನಿಮ್ಮ ಇಲಾಖೆಗೆ ಕೃತಜ್ಞತೆ ಸಲ್ಲಿಸಿ ಮುಂದುವರಿಯುತ್ತೇನೆ.

ನಾನು ಉಡುಪಿ ಕಡೆಯವಳು, ವಯಸ್ಸು ನಲವತ್ತೆರಡು. ಮನೆಯಲ್ಲೇ ಅಡುಗೆ ಮಾಡಿ ದಿನಕ್ಕೆ ಮೂವತ್ತೆರಡು ಡಬ್ಬಾ ಕೊಡುತ್ತಿದ್ದೆ. ಎರಡನೇ ಅಲೆಯಲ್ಲಿ ಮನೆಮಂದಿಯೆಲ್ಲ ಹಾಸಿಗೆ ಹಿಡಿದಿದ್ದ ಕಡೆಗೂ ಹೋಗಿ ಬಾಗಿಲ ಚಿಲಕಕ್ಕೆ ಅನ್ನ-ಸಾರು ತೂಗುಹಾಕಿ ಬಂದವಳು. ಆಗ ಯಾರೂ ನನ್ನ ಲಸಿಕೆಯ ಬಗ್ಗೆ ವಿಚಾರಿಸಲಿಲ್ಲ. ಅವರಿಗೆ ಗುಣವಾದ ಮೇಲೆ ವಿಚಾರಿಸಿದರು. "ಆಂಟಿ, ನಮ್ಮ ಬಿಲ್ಡಿಂಗ್ ಸೊಸೈಟಿಯಲ್ಲಿ ರೂಲ್ ಮಾಡಿದ್ದಾರೆ. ಸರ್ಟಿಫಿಕೇಟ್ ಇಲ್ಲದಿದ್ದರೆ ಡಬ್ಬಾ ಒಳಗೆ ಬಿಡೋದಿಲ್ಲ," ಎಂದರು. ಮೂವತ್ತೆರಡು ಡಬ್ಬಾ ಹದಿನಾಲ್ಕಕ್ಕೆ ಇಳಿಯಿತು.

ಎದುರಿನ ಕೇಂದ್ರಕ್ಕೆ ಹೋದೆ. "ಆನ್‌ಲೈನ್ ಬುಕ್ ಮಾಡಿಕೊಂಡು ಬನ್ನಿ," ಎಂದರು. ನಿಮ್ಮ ಪೋರ್ಟಲ್ ಸಂಜೆ ನಾಲ್ಕಕ್ಕೆ ಸರಿಯಾಗಿ ತೆರೆಯುತ್ತದೆ. ಸಮಯಪಾಲನೆಯಲ್ಲಿ ಅದನ್ನು ಮೀರಿಸಿದ ಸರ್ಕಾರಿ ವ್ಯವಸ್ಥೆಯನ್ನು ನಾನು ಕಂಡಿಲ್ಲ. ನಾಲ್ಕು ಗಂಟೆ ಇಪ್ಪತ್ತು ಸೆಕೆಂಡಿಗೆ ಎಲ್ಲ ಭರ್ತಿ. ಅಷ್ಟರೊಳಗೆ ಸೊಟ್ಟ ಸೊಟ್ಟ ಅಕ್ಷರಗಳನ್ನು ಓದಿ, ಟೈಪ್ ಮಾಡಿ, ನಾನು ಯಂತ್ರವಲ್ಲವೆಂದು ರುಜುವಾತು ಮಾಡಬೇಕು. ಹಿಟ್ಟಿನ ಕೈ ಒರೆಸಿಕೊಂಡು ನಾನು ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಇಡೀ ಠಾಣೆ ಜಿಲ್ಲೆಯ ಲಸಿಕೆ ಮುಗಿದಿರುತ್ತಿತ್ತು. ಹನ್ನೊಂದು ದಿನ ಹೀಗೇ ಆಯಿತು. ಹನ್ನೆರಡನೆಯ ದಿನ ಮಗಳು ಮಾನಸಿ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವವಳು ಅವಳು.

"ಅಮ್ಮ, ಮಿಲ್ ಗಯಾ."

"ಎದುರಿನದ್ದೇ ಸಿಕ್ಕಿತಾ?"

"ನಹೀ. ಮುರ್ಬಾಡ್ ಕೇ ಆಗೇ."

ಬಿಟ್ಟರೆ ಮತ್ತೆ ಯಾವಾಗಲೋ ಎಂದು ಒಪ್ಪಿಕೊಂಡೆ. ಕಲ್ಯಾಣದ ಮಾರ್ಕೆಟ್‌ನಿಂದ ನನಗೆ ತರಕಾರಿ ತಂದುಕೊಡುವ ಯತಿನ್, ಆ ಕಡೆ ಮಾಲು ತುಂಬಲು ಹೋಗುವವನಿದ್ದ. ಅವನ ಟೆಂಪೋದಲ್ಲಿ ಹೊರಟೆ. ಹಳ್ಳಿಯ ಆ ಪುಟ್ಟ ದವಾಖಾನೆಯ ಮುಂದೆ ಕಾರುಗಳು ಸಾಲಾಗಿ ನಿಂತಿದ್ದವು. ಠಾಣೆಯವರು, ನವಿ ಮುಂಬೈಯವರು, ನಮ್ಮ ಡೊಂಬಿವಲಿಯವರು. ಊರಿನ ಏಳೆಂಟು ಹೆಂಗಸರು ಮಾತ್ರ ಕಾಂಪೌಂಡಿನ ಹೊರಗೆ, ಮದುವೆಮನೆಗೆ ಕರೆಯದೆ ಬಂದವರ ಹಾಗೆ ಕುಳಿತಿದ್ದರು. ಅವರಲ್ಲೊಬ್ಬಳು, ಸುಮಾರು ನನ್ನದೇ ವಯಸ್ಸಿನವಳು, ಮರಾಠಿಯಲ್ಲಿ ಮಾತಿಗೆಳೆದಳು. ಹೆಸರು ಸುಗಂಧಾ.

"ತಾಯಿ, ನಿಮ್ಮೂರಲ್ಲಿ ದವಾಖಾನೆ ಇಲ್ವಾ?"

"ಇದೆ. ಮನೆ ಎದುರಿಗೇ ಇದೆ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

"ಅಲ್ಲಿ ನನಗೆ ನಂಬರ್ ಸಿಗಲಿಲ್ಲ."

"ನನಗೂ ಇಲ್ಲಿ ಸಿಗಲಿಲ್ಲ," ಎಂದಳು. ಸಿಟ್ಟಿನಿಂದಲ್ಲ. ಇಬ್ಬರಿಗೂ ಒಂದೇ ಬಸ್ಸು ತಪ್ಪಿದ ಹಾಗೆ.

ಅವಳು ಭಿವಂಡಿಯ ಗೋದಾಮೊಂದರಲ್ಲಿ ಪೆಟ್ಟಿಗೆ ಕಟ್ಟುವವಳು. ಲಸಿಕೆ ಹಾಕಿಸಿಕೊಂಡ ಕಾಗದ ತೋರಿಸದೆ ಗೇಟಿನೊಳಗೆ ಬರಕೂಡದೆಂದು ಮೇಸ್ತ್ರಿ ಹೇಳಿದ್ದ. ಮನೆಯಲ್ಲಿದ್ದದ್ದು ಬಟನ್ ಫೋನು. ನಾಲ್ಕು ದಿನದಿಂದ ಬೆಳಿಗ್ಗೆ ಬಂದು ಕೂರುತ್ತಿದ್ದಳು, ಕಾರಿನಲ್ಲಿ ಬಂದವರು ಚುಚ್ಚಿಸಿಕೊಂಡು ಹೋಗುವುದನ್ನು ನೋಡಿ ಮನೆಗೆ ಮರಳುತ್ತಿದ್ದಳು.

ನಾನು ಒಳಗೆ ಹೋಗಿ ನರ್ಸ್‌ಗೆ ಹೇಳಿದೆ: "ಸಿಸ್ಟರ್, ನನ್ನ ಬದಲು ಆಕೆಗೆ ಕೊಡಿ."

ನರ್ಸ್ ತಲೆ ಎತ್ತದೆ ಹೇಳಿದರು: "ನಾನೇ ಈ ಊರಿನವಳು. ಹೊರಗೆ ಕೂತವರಲ್ಲಿ ನಮ್ಮ ಅತ್ತಿಗೆಯೂ ಇದ್ದಾಳೆ. ಹೆಸರು ಬದಲಾಯಿಸೋಕೆ ಕಂಪ್ಯೂಟರ್ ಬಿಡೋದಿಲ್ಲ. ನೀವು ಬೇಡ ಅಂದರೆ ಒಂದು ಡೋಸು ಹಾಳಾಗುತ್ತದೆ, ಅಷ್ಟೇ."

ನಾನು ಚುಚ್ಚಿಸಿಕೊಂಡೆ. ಇದನ್ನು ಮುಚ್ಚಿಡುವುದಿಲ್ಲ. ನನಗೆ ಹದಿನೆಂಟು ಡಬ್ಬಾ ವಾಪಸು ಬೇಕಿತ್ತು. ಆದರೆ ಅರ್ಧ ಗಂಟೆ ಕಾಯಿಸಿ ಕೂರಿಸುತ್ತಾರಲ್ಲ, ಆ ಅರ್ಧ ಗಂಟೆ ಸುಗಂಧಾಳತ್ತ ಮುಖ ತಿರುಗಿಸಲು ನನ್ನಿಂದ ಆಗಲಿಲ್ಲ. ಎದ್ದವಳೇ ಹೋಗಿ ಅವಳ ಪಕ್ಕ ಕುಳಿತೆ. ನನ್ನ ಫೋನಿನಿಂದ ಅವಳ ಹೆಸರು ನೋಂದಾಯಿಸಿದೆ. ಸಿಗ್ನಲ್ ಸಿಗದೆ ಇಬ್ಬರೂ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ನಾಲ್ಕು ಗಂಟೆಗೆ ಕಾದೆವು. ಅವಳೂರಿನ ಕೇಂದ್ರ ಎಂದಿನಂತೆ ಕಣ್ಣೆದುರೇ ಭರ್ತಿಯಾಯಿತು. ಮನೆಯಲ್ಲಿದ್ದ ಮಾನಸಿಗೆ ಫೋನಿನಲ್ಲಿ ಓಟಿಪಿ ಓದಿ ಹೇಳಿದೆ, ಎಲ್ಲಾದರೂ ಸರಿ, ಹಿಡಿ ಎಂದು. ಅವಳು ಹಿಡಿದಳು. ಎಲ್ಲಿ ಎನ್ನುತ್ತೀರಿ? ಠಾಣೆ ಪಟ್ಟಣದ ಘೋಡಬಂದರ್ ರಸ್ತೆಯ ಮಾಲ್ ಒಂದರ ಪಾರ್ಕಿಂಗ್‌ನಲ್ಲಿ, ಕಾರಿನಿಂದ ಇಳಿಯದೆಯೇ ಲಸಿಕೆ ಹಾಕಿಸಿಕೊಳ್ಳುವ ಕೇಂದ್ರದಲ್ಲಿ. ಬಟನ್ ಫೋನಿನ ಸುಗಂಧಾಗೆ ನಿಮ್ಮ ವ್ಯವಸ್ಥೆ ಆರಿಸಿಕೊಟ್ಟ ಅನುಕೂಲಕರ ಕೇಂದ್ರ ಅದು.

ಮೂರನೆಯ ದಿನ ಯತಿನ್ ಅವಳನ್ನು ಟೆಂಪೋದಲ್ಲಿ ಕರೆತಂದ. ಕಲ್ಯಾಣದಲ್ಲಿ ನಾನೂ ಹತ್ತಿಕೊಂಡೆ. ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದ.

"ಇಲ್ಲಿ ಕಾರು ಮಾತ್ರ."

"ನಾಲ್ಕು ಚಕ್ರದ ಗಾಡಿ ಅಂತ ಮೆಸೇಜಿನಲ್ಲಿದೆ," ಎಂದ ಯತಿನ್. "ಎಣಿಸಿಕೊಳ್ಳಿ."

ಸೆಕ್ಯುರಿಟಿಯವನು ನಿಜಕ್ಕೂ ಬಗ್ಗಿ ನೋಡಿ, ಒಳಗೆ ಬಿಟ್ಟ. ಕೊತ್ತಂಬರಿ, ಸೋರೆಕಾಯಿಗಳ ಘಮಲಿನ ನಡುವೆ ಮುಂದಿನ ಸೀಟಿನಲ್ಲಿ ಕುಳಿತು ಸುಗಂಧಾ ಸೀರೆಯ ಸೆರಗು ಸರಿಸಿ ತೋಳು ಚಾಚಿದಳು. ನಮ್ಮ ಹಿಂದಿನ ಕಾರಿನವರು ಎರಡು ಸಲ ಹಾರ್ನ್ ಮಾಡಿದರು. ಹಿಂತಿರುಗುವಾಗ ಅವಳು ಕೇಳಿದಳು:

"ಕಾರಿನವರಿಗೆ ಇಲ್ಲೇ ಇಷ್ಟು ದೊಡ್ಡ ವ್ಯವಸ್ಥೆ ಇದೆಯಲ್ಲ ತಾಯಿ. ಮತ್ತೆ ನಮ್ಮೂರಿಗೆ ಬರುವವರು ಯಾರು?"

"ನನ್ನಂಥವರು," ಎಂದೆ.

ಕಾಗದ ಹಿಡಿದು ಅವಳು ಭಿವಂಡಿಗೆ ಹೋದಾಗ ಮೇಸ್ತ್ರಿ ಆ ಜಾಗಕ್ಕೆ ಬೇರೊಬ್ಬಳನ್ನು ತೆಗೆದುಕೊಂಡಾಗಿತ್ತು. ಹದಿನಾರು ದಿನ ಅವಳಿಗೆ ಕೆಲಸವಿರಲಿಲ್ಲ. ಆಮೇಲೆ ಕರೆದನಂತೆ, ಈಗ ರಾತ್ರಿ ಪಾಳಿ. ನನ್ನ ಡಬ್ಬಾಗಳು ಇಪ್ಪತ್ತೇಳಕ್ಕೆ ಬಂದಿವೆ.

ಮಾನ್ಯರೇ, ನೀವು ಮಾಡಿದ್ದು ಅನ್ಯಾಯ ಎಂದು ನಾನು ಹೇಳಲಾರೆ. ಅನ್ಯಾಯ ಮಾಡಬೇಕಾದರೂ ಯಾರು ಎಲ್ಲಿದ್ದಾರೆಂಬುದು ಗೊತ್ತಿರಬೇಕಲ್ಲ? ಕಾಯಿಲೆಗೆ ನಮ್ಮ ವಿಳಾಸ ಗೊತ್ತಿತ್ತು. ಅದು ಮನೆಮನೆಗೂ ಬಂತು, ಬುಕಿಂಗ್ ಕೇಳಲಿಲ್ಲ. ಔಷಧಕ್ಕೆ ಮಾತ್ರ ನಾವು ಬೆರಳಿನ ವೇಗವನ್ನು ಏಕೆ ಸಾಬೀತುಪಡಿಸಬೇಕು? ವೇಗದ ಬೆರಳಿನವರು ನಿಧಾನದವರ ಪಾಲನ್ನು, ಪಟ್ಟಣದವರು ಹಳ್ಳಿಯವರ ಪಾಲನ್ನು ಎತ್ತಿಕೊಂಡು ಹೋಗುವುದಕ್ಕೆ ನೀವು ಇಟ್ಟ ಹೆಸರು ಪಾರದರ್ಶಕತೆ. ನಿಜ, ಎಲ್ಲವೂ ಕಾಣಿಸುತ್ತದೆ. ಕಾಂಪೌಂಡಿನ ಹೊರಗೆ ಕುಳಿತವರಿಗೆ ಇನ್ನೂ ಚೆನ್ನಾಗಿ ಕಾಣಿಸುತ್ತದೆ.

ಪ್ರತಿ ಕೇಂದ್ರದಲ್ಲೂ ಅರ್ಧದಷ್ಟು ಲಸಿಕೆಯನ್ನು ಆ ಊರಿನ, ಆ ವಾರ್ಡಿನ ವಿಳಾಸ ತೋರಿಸಿ ನಡೆದು ಬಂದವರಿಗೆ ಮೀಸಲಿಡಿ. ಹೆಸರು ಬರೆದುಕೊಳ್ಳಲು ಒಂದು ನೋಟ್‌ಬುಕ್ ಸಾಕು. ಅದಕ್ಕೆ ಸಿಗ್ನಲ್ ಬೇಡ. ಬರದವರ ಡೋಸನ್ನು ಎದುರಿಗೆ ಕುಳಿತವರಿಗೆ ಕೊಡುವ ಅಧಿಕಾರವನ್ನು ನರ್ಸ್‌ಗೆ ಕೊಡಿ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮಿಬ್ಬರಿಗೂ ಎರಡನೇ ಡೋಸು ಬೇಕು. ಅಷ್ಟರೊಳಗೆ ಇದು ಜಾರಿಯಾಗಬೇಕು.

ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟು ತಿಂಗಳಾಯಿತು. ಉತ್ತರವಿಲ್ಲದ್ದರಿಂದ ನನ್ನ ಭಾಷೆಯ ಪತ್ರಿಕೆಗೆ ಬರೆದಿದ್ದೇನೆ. ದಯವಿಟ್ಟು ನನಗೆ ಮೆಸೇಜ್ ಕಳಿಸಬೇಡಿ. ನಿಮ್ಮ ಉತ್ತರವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಆ ಹಳ್ಳಿಯ ದವಾಖಾನೆಯ ಬಾಗಿಲಿಗೆ ಅಂಟಿಸಿ. ಸುಗಂಧಾ ಏಳನೇ ಕ್ಲಾಸಿನವರೆಗೆ ಓದಿದ್ದಾಳೆ, ಓದಿಕೊಳ್ಳುತ್ತಾಳೆ.

ಇಂತಿ,
ತೋಳಿಗೆ ಬಿದ್ದ ಡೋಸು ಯಾರ ಪಾಲಿನದ್ದೆಂದು ಬಲ್ಲ,
ಜಯಲತಾ
ಡೊಂಬಿವಲಿ ಪೂರ್ವ