ನಾಲಿಗೆಗೆ ಹತ್ತಿದ ಉಪ್ಪು

ಅಜ್ಜಂಪುರ, ಮಂಗಳವಾರ

ರೀ,

ಹಡಗಿಗೆ ಫೋನ್ ಸಿಗುತ್ತಿಲ್ಲ, ಅದಕ್ಕೇ ಈ ಇಮೇಲ್. ಉಪಗ್ರಹ ಮೇಲಿನಿಂದ ಅಳೆದ ಕಡಲ ಉಪ್ಪು ಸರಿಯೇ ಎಂದು ನೀವು ಅಲ್ಲಿ ನೀರೆತ್ತಿ ನೋಡುತ್ತಿದ್ದೀರಿ. ನನಗಿಲ್ಲಿ ಇರುವುದು ನಾಲಿಗೆಯೊಂದೇ.

ಪಾಪುವಿನ ಹಣೆಗೆ ಮುತ್ತಿಟ್ಟರೆ ಉಪ್ಪು ಹತ್ತುತ್ತದೆ. ಅತ್ತೆಗೆ ಹೇಳಿದೆ. “ದಿನಾ ಉಪ್ಪು ನಿವಾಳಿಸಿ ದೃಷ್ಟಿ ತೆಗಿತೀನಲ್ಲ, ಅದೇ ಉದುರಿರ್ತದೆ ಕಣೇ. ನಿದ್ದೆ ಇಲ್ದೆ ನಿಂಗೆ ಎಲ್ಲಾದ್ರಲ್ಲೂ ಕಾಯಿಲೆನೇ ಕಾಣ್ತದೆ,” ಎಂದರು. ಎರಡು ದಿನ ದೃಷ್ಟಿ ತೆಗೆಯಬೇಡಿ ಎಂದು ಬೇಡಿಕೊಂಡು, ಮೀಯಿಸಿ ಒರೆಸಿ ನೋಡಿದೆ. ಬೆವರಿದರೆ ಮತ್ತೆ ಉಪ್ಪೇ. ಐದು ತಿಂಗಳಾದರೂ ತೂಕ ಸರಿಯಾಗಿ ಏರಿಲ್ಲ, ಕೆಮ್ಮು ಬಿಟ್ಟಿಲ್ಲ.

ತರೀಕೆರೆಯ ಡಾಕ್ಟರು ಬೆಂಗಳೂರಿನಲ್ಲಿ ಬೆವರಿನ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದಿದ್ದಾರೆ; ಬೆವರಲ್ಲಿ ಇಷ್ಟು ಉಪ್ಪಿದ್ದರೆ ಶ್ವಾಸಕೋಶ ಕೆಡಿಸುವ ಹುಟ್ಟುಕಾಯಿಲೆ ಇರಬಹುದಂತೆ. ಅಲ್ಲಿಯ ಆಸ್ಪತ್ರೆಯವರು ಶುಕ್ರವಾರ ಬರಹೇಳಿದ್ದಾರೆ. ಮಾವ ಮಾತ್ರ, “ಭೈರೇಶ ಬರ್ಲಿ, ಆಮೇಲೆ ನೋಡೋಣ,” ಎನ್ನುತ್ತಾರೆ. ನೀವು ದಡ ಸೇರಲು ಇನ್ನೂ ಇಪ್ಪತ್ತಾರು ದಿನ.

ಮಾವನ ಹೆಸರಿಗೆ ಎರಡು ಸಾಲು ಬರೆಯಿರಿ, ನಮ್ಮನ್ನು ಕಳಿಸಿಕೊಡಿ ಎಂದು. ಪ್ರಿಂಟ್ ತೆಗೆಸಿ ಅವರ ಕೈಗೇ ಕೊಡುತ್ತೇನೆ. ಗುರುವಾರದೊಳಗೆ ಬಂದರೆ ಸಾಕು.

ಮುತ್ತಿಡಲು ಈಗ ಧೈರ್ಯ ಬರುತ್ತಿಲ್ಲ. ಪಾಪು ನಗುತ್ತಾ ಮುಖ ಚಾಚಿದರೆ, ಕೆನ್ನೆಗೆ ಕೆನ್ನೆ ತಾಗಿಸಿ ಸುಮ್ಮನಾಗುತ್ತೇನೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ನಯನ