ಪುಸ್ತಕದಲ್ಲಿಲ್ಲದ ಮಾತ್ರೆ

ಅಪ್ಪಾ,

ಬೆಳಗಿನ ಬಿಪಿ ಮಾತ್ರೆ ನಿನಗೆ ಕೊಟ್ಟಾಗಿದೆ. ನರ್ಸಿಂಗ್ ಕ್ಲಾಸಿನಲ್ಲಿ ಹೇಳಿಕೊಟ್ಟಂತೆ ಮೊದಲು ನಿನ್ನ ಹೆಸರು ಕೇಳಿದ್ದಕ್ಕೆ, "ನಿನಗೆ ಹೆಸರಿಟ್ಟವನನ್ನೇ ಹೆಸರು ಕೇಳ್ತೀಯಾ?" ಅಂತ ರೇಗಿ ನುಂಗಿದೆಯಲ್ಲ, ಅದೇ.

ಆದರೆ ನಿನ್ನ ಮಾತ್ರೆ ಲೆಕ್ಕದ ಪುಸ್ತಕದಲ್ಲಿ ಬರೆಯಲು ಮರೆತೆ. ಕೊಟ್ಟ ಹೊತ್ತು ಈಗ ಸರಿಯಾಗಿ ನೆನಪಿಲ್ಲ, ಅಂದಾಜಿನ ಮೇಲೆ ಬರೆಯುವಂತಿಲ್ಲ. "ಬರೆಯದಿದ್ದರೆ ಕೊಟ್ಟಿಲ್ಲವೆಂದೇ ಲೆಕ್ಕ" ಅಂತ ನಮ್ಮ ನರ್ಸಿಂಗ್ ಮೇಡಂ ಹೇಳಿದ್ದನ್ನು ನನಗಿಂತ ಚೆನ್ನಾಗಿ ಬಾಯಿಪಾಠ ಮಾಡಿದವನು ನೀನು. ಹಾಗಂತ ಇನ್ನೊಂದು ನುಂಗಬೇಡ. ಎರಡಾದರೆ ಬಿಪಿ ಇಳಿದು ತಲೆ ಸುತ್ತೀತು.

ಉಳಿದ ಮಾತ್ರೆ ಮೂರು ಸಲ ಎಣಿಸಿದೆ, ಸರಿಯಿದೆ. ಆದರೂ ಬಿದ್ದಿದೆಯೇನೋ ಅಂತ ಮೇಜಿನ ಕೆಳಗೆ ಬಗ್ಗಿ ನೋಡಿದೆ.

ಇವತ್ತಿನ ಪರೀಕ್ಷೆಯೂ ಮಾತ್ರೆ ಕೊಟ್ಟು ಬರೆದಿಡುವುದರ ಮೇಲೆಯೇ. ಮುಗಿಸಿ ಬಂದು ನಿನ್ನ ಬಿಪಿ ನೋಡುತ್ತೇನೆ. ಅಲ್ಲಿಯವರೆಗೆ ಮಾತ್ರೆ ಡಬ್ಬಿ ಹುಡುಕಬೇಡ, ನನ್ನ ಜೊತೆ ಪರೀಕ್ಷೆಗೆ ಬರುತ್ತಿದೆ.