ಹನ್ನೆರಡರ ನಂತರದ ಪೆಟ್ಟಿಗೆಗಳು

ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಮೀಟರಕ್ಕ,

ನೀನು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದೀಯ ಎಂದು ಪ್ಯಾಕಿಂಗ್ ಅತ್ತೆ ಹೇಳಿದರು. ರೇಡಿಯೋ ರಿಪೇರಿಯವರು ಕರೆದರೂ ಹೋಗಲಿಲ್ಲವಂತೆ. "ಯಾವ ಸಾಮಾನು ಒಳ್ಳೇದು, ಯಾವುದು ಕೆಟ್ಟದ್ದು ಅಂತ ನಂಗೆ ಗೊತ್ತಾಗಲ್ಲ, ಬಿಡಿ" ಅಂದೆಯಂತೆ. ಅದನ್ನು ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ. ನಿನಗೆ ಗೊತ್ತಾಗುತ್ತದೆ ಅಕ್ಕ. ಗೊತ್ತಾಗದೆ ಹೋದದ್ದು ನನಗೆ.

ಕಿವಿ ಡಾಕ್ಟರು ನಮ್ಮ ವರ್ಕ್‌ಶಾಪಿಗೆ ಬಂದು ಅರವತ್ತು ಪೆಟ್ಟಿಗೆ ಕೇಳಿದ್ದು ನೆನಪಿದೆಯಲ್ಲ, ಕಿವಿ ಮಂದವಾದವರಿಗೆ ಮಾತು ಜೋರಾಗಿ ಕೇಳಿಸುವಂಥವು. ಪ್ರತಿಯೊಂದಕ್ಕೂ ಒಂದು ವಾಲ್ಯೂಮ್ ಕಂಟ್ರೋಲ್ ಬೇಕಿತ್ತು, ಅಗ್ಗದ್ದೇ ಆಗಬೇಕಿತ್ತು. ನೀನು ಮೂರು ಮಾದರಿ ತರಿಸಿ ಒಂದು ವಾರ ತಿರುಗಿಸುತ್ತ ಕೂತೆ. ಮೊದಲನೆಯದು ಪೂರ್ತಿ ಮುಚ್ಚಿದ ಲೋಹದ್ದು, ಅದರ ಬೆಲೆಗೆ ಅರ್ಧ ಪೆಟ್ಟಿಗೆಯೇ ಬರುತ್ತಿತ್ತು. ಎರಡನೆಯದು ಟಕ್ ಟಕ್ ಎಂದು ಸುತ್ತುತ್ತಲೇ ಇರುವಂಥದ್ದು. ಅದು ಅಗ್ಗವೇ, ಆದರೆ ಅದರ ಸುತ್ತು ಲೆಕ್ಕ ಇಡಲು ಬೇರೆ ಚಿಪ್ ಬೇಕು. "ಇದಕ್ಕೆ ಕೊನೆ ಅನ್ನೋದೇ ಇಲ್ವಲ್ಲೇ, ಅಜ್ಜ ತಿರುಗಿಸ್ತಾ ತಿರುಗಿಸ್ತಾ ಊರೇ ಬಿಟ್ಟು ಹೋಗ್ತಾನೆ" ಎಂದು ನಗಿಸಿದೆ. ಮೂರನೆಯದು ತೆಳು ತಗಡಿನ ಬೆನ್ನಿನದು. ಅದನ್ನು ಬಿಚ್ಚಿ ದನಿ ಏರಿಳಿಸುವ ಒಳಗಿನ ಕರಿ ಪಟ್ಟಿಯನ್ನು ಬೆಳಕಿಗೆ ಹಿಡಿದು, "ಅಗ್ಗ ಅಂದ್ರೆ ಹೆದರಬಾರದು. ಎಲ್ಲಿ ಅಗ್ಗ ಮಾಡಿದಾರೆ ಅಂತ ನೋಡ್ಬೇಕು. ಇವರು ತಗಡಲ್ಲಿ ಉಳಿಸಿದಾರೆ, ಪಟ್ಟೀಲಿ ಉಳಿಸಿಲ್ಲ" ಅಂದೆ. ನೂರು ಸಲ ತಿರುಗಿಸಿಯೇ ಅದನ್ನು ಒಪ್ಪಿದೆ.

ಬೆಸುಗೆ ನನ್ನದು. ಹನ್ನೆರಡು ಪೆಟ್ಟಿಗೆ ಮುಗಿಸಿದ ಮೇಲೆ ನನಗೊಂದು ಯೋಚನೆ ಬಂತು. ಹೊಸ ಕಂಟ್ರೋಲ್ ಸ್ವಲ್ಪ ಬಿಗಿ, ಕೈ ನಡುಗುವ ಮುದುಕರಿಗೆ ಕಷ್ಟವಾಗುತ್ತದೆ ಅನ್ನಿಸಿತು. ಅತ್ತೆ ಚೀಲ ಹೊಲಿಯುವ ಯಂತ್ರದ ಎಣ್ಣೆಯನ್ನು ಕಂಟ್ರೋಲ್ ತಿರುಗಿಸುವ ದಂಡದ ಬುಡಕ್ಕೆ ಒಂದು ತೊಟ್ಟು ಬಿಟ್ಟೆ. ಬೆಣ್ಣೆಯ ಹಾಗೆ ತಿರುಗಿತು. ಉಳಿದ ನಲವತ್ತೆಂಟಕ್ಕೂ ಹಾಗೆಯೇ ಮಾಡಿದೆ. ಯಾರನ್ನೂ ಕೇಳಲಿಲ್ಲ. ಕೇಳುವುದು ನನಗೆ ಯಾವಾಗಲೂ ಕಷ್ಟ.

ಎರಡು ತಿಂಗಳಿಗೆ ನಲವತ್ತೊಂದು ಪೆಟ್ಟಿಗೆ ವಾಪಸು ಬಂದವು. ತಿರುಗಿಸಿದರೆ ಕಿವಿಯೊಳಗೆ ಕರಕರ. ಯಜಮಾನರು ಒಂದನ್ನು ಮೇಜಿನ ಮೇಲೆ ಕುಕ್ಕಿ, "ಅಗ್ಗ ಕಂಡ್ರೆ ಬಾಯಿ ಬಿಡ್ತೀಯಲ್ಲಮ್ಮ" ಅಂದರು. ನೂರು ಸಲ ತಿರುಗಿಸಿ ನೋಡಿದ್ದೆ ಎಂದು ನೀನು ಹೇಳಿದರೆ, ಅತ್ತೆ "ನೀನೇ ತಿರುಗಿಸಿ ತಿರುಗಿಸಿ ಸವೆಸಿರ್ಬೇಕು ಬಿಡು" ಅಂದರು. ಎಲ್ಲರೂ ನಕ್ಕರು. ಆ ಶನಿವಾರದಿಂದ ನೀನು ಬರಲೇ ಇಲ್ಲ. ಅವರು ಬೈದ ದಿನವೇ ನನಗೆ ಎಣ್ಣೆಯ ಮೇಲೆ ಅನುಮಾನವಿತ್ತು. ಬಾಯಿ ಬರಲಿಲ್ಲ. ನನ್ನ ಸಂಕೋಚ ನಿನಗೆ ಗೊತ್ತೇ ಇದೆ.

ನಿನ್ನೆ ಯಜಮಾನರ ಮುಂದೆ ವಾಪಸು ಬಂದ ಪೆಟ್ಟಿಗೆಗಳನ್ನು ನಂಬರಿನ ಪ್ರಕಾರ ಜೋಡಿಸಿದೆ. ಒಂದರಿಂದ ಹನ್ನೆರಡರವರೆಗಿನದು ಒಂದೂ ಇರಲಿಲ್ಲ. ಬಂದವುಗಳಲ್ಲಿ ಒಂದನ್ನು ಬಿಚ್ಚಿ ತೋರಿಸಿದೆ. ಎಣ್ಣೆ ಪಟ್ಟಿಗೆ ಇಳಿದು, ಧೂಳು ಸೇರಿ, ಕಾಡಿಗೆಯ ಹಾಗೆ ಆಗಿತ್ತು. ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಎಣ್ಣೆ ಕಾಣದ ಮೂರನ್ನು ಮೀಟರಿಗೆ ಕಟ್ಟಿ ಐನೂರು ಸಲ ತಿರುಗಿಸಿದೆ. ಮುಳ್ಳು ಒಮ್ಮೆಯೂ ಕುಪ್ಪಳಿಸಲಿಲ್ಲ. ಯಜಮಾನರು ತಾವೂ ಒಂದನ್ನು ತಿರುಗಿಸಿ ನೋಡಿ, "ಹಾಗಾದ್ರೆ ಅವಳು ಸರಿಯಾಗೇ ಆರಿಸಿದ್ಲು" ಅಂದರು. ಆಮೇಲೆ, "ಬರೋಕೆ ಹೇಳು" ಅಂದರು. ತಪ್ಪಾಯಿತು ಅನ್ನುವ ಮಾತು ಅವರ ಬಾಯಿಂದ ಬರುವುದಿಲ್ಲ, ಕಾಯಬೇಡ. ನನಗೆ "ನಿನ್ನ ಎಣ್ಣೆ ಕೈಗೆ ಬೆಂಕಿ ಬೀಳ" ಎಂದಷ್ಟೇ ಬೈದರು.

ಬಟ್ಟೆ ಅಂಗಡಿ ನಿನಗಲ್ಲ. ಬಾ.

ಇಂತಿ,
ಬೆಸುಗೆ ಮೂಲೆಯ ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಮೇಲೆ ಅನುಮಾನ ಎಂದು ಬರೆದೆನಲ್ಲ, ಅದು ಅನುಮಾನವಲ್ಲ. ನಿನ್ನನ್ನು ಬೈದ ದಿನ ಬೆಳಿಗ್ಗೆಯೇ ಒಂದನ್ನು ಬಿಚ್ಚಿ ನೋಡಿದ್ದೆ. ಸುಮ್ಮನಿದ್ದದ್ದು ಸಂಕೋಚದಿಂದಲೂ ಅಲ್ಲ. ನೀನು ಹೋದರೆ ಸಾಮಾನು ಆರಿಸುವ ಕೆಲಸ ನನಗೆ ಬರುತ್ತದೆ ಎಂದು ಆಗಲೇ ಹೊಳೆದಿತ್ತು. ಬಂತು ಕೂಡ. ನಾಲ್ಕು ತಿಂಗಳಿಂದ ನಾನೇ ಆರಿಸುತ್ತಿದ್ದೇನೆ, ನಿನ್ನ ಮಾತುಗಳನ್ನೇ ನನ್ನವು ಎಂಬಂತೆ ಹೇಳುತ್ತಿದ್ದೇನೆ. ಇದು ಯಜಮಾನರಿಗೆ ಗೊತ್ತಿಲ್ಲ. ನೀನು ಬಂದು ಈ ಕಾಗದವನ್ನು ಎಲ್ಲರೆದುರು ಓದುವುದಾದರೆ, ಇಲ್ಲಿಯವರೆಗೂ ಓದು.